ಬುದ್ಧಿ ಚುರುಕಾಯ್ತಾ ಅಂತ ಯಾವ ಭಾಷೇಲಿ ಕೇಳ್ತೀರಿ?

ಸ್ಕಿಜೋಫ್ರೇನಿಯಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾ. ಹೀರೋ ಯಾರೂ ಇಲ್ಲದ ಕಡೆ ನೋಡಿಕೊಂಡು ಮಾತಾಡ್ತಾನೆ, ಇಂಟರ್ವಲ್ ಆದ್ಮೇಲೆ ಟ್ವಿಸ್ಟ್ ಬರುತ್ತೆ, ನಾವು ಪಾಪ್‌ಕಾರ್ನ್ ಮುಗಿಸಿ ಮನೆಗೆ ಬರ್ತೀವಿ. ಆದರೆ ಈ ಕಾಯಿಲೆಗೆ ಸಿನಿಮಾದವರು ತೋರಿಸದ ಇನ್ನೊಂದು ಮುಖ ಇದೆ. ಅದರಲ್ಲಿ ಟ್ವಿಸ್ಟ್ ಏನೂ ಇಲ್ಲ. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತೋದಿಲ್ಲ. ಮೂರು ಸಾಮಾನು ತರೋಕೆ ಅಂಗಡಿಗೆ ಹೋದವರು ಒಂದನ್ನು ಮಾತ್ರ ತಂದು ನಿಲ್ಲುತ್ತಾರೆ. ಎಲ್ಲರೂ ಜೋಕಿಗೆ ನಕ್ಕು ಮುಗಿಸಿದ ಮೇಲೆ ಇವರಿಗೆ ಅರ್ಥ ಆಗುತ್ತೆ. ಗಮನ, ನೆನಪು, ಯೋಚನೆಯ ವೇಗ, ಪ್ಲಾನ್ ಮಾಡೋ ಶಕ್ತಿ ಇವೆಲ್ಲ ಸೇರಿ ಡಾಕ್ಟರುಗಳು ಕಾಗ್ನಿಷನ್ ಅಂತಾರೆ. ಈ ಲೇಖನದಲ್ಲಿ ನಾವು ಅರಿವಿನ ಶಕ್ತಿ ಅಂತ ಕರೆಯೋಣ.

ಈ ಅರಿವಿನ ಶಕ್ತಿಯನ್ನು ಮಾತ್ರೆಯಿಂದ ಹೆಚ್ಚಿಸೋಕಾಗುತ್ತಾ ಅಂತ ಇಪ್ಪತ್ತು ವರ್ಷಕ್ಕೂ ಮೇಲಿಂದ ಪ್ರಪಂಚದಲ್ಲಿ ಪರೀಕ್ಷೆಗಳು ನಡೀತಿವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಈ ಪರೀಕ್ಷೆಗಳು ನಿಲ್ಲಬಾರದು. ಆದರೆ ನಮ್ಮ ಊರಿನಲ್ಲಿ ನಡೆಯುವ ಪರೀಕ್ಷೆ ನಮ್ಮ ಜನರ ಭಾಷೆಯಲ್ಲಿ, ನಮ್ಮ ಜನ ದಿನಾ ಮಾಡೋ ಕೆಲಸದಲ್ಲಿ ಅಳೆಯಬೇಕು. ಅಳತೆಗೋಲೇ ಸರಿ ಇಲ್ಲದಿದ್ದರೆ ಮಾತ್ರೆ ಗೆದ್ದಿತು ಅಂದರೂ ನಂಬೋ ಹಾಗಿಲ್ಲ, ಸೋತಿತು ಅಂದರೂ ನಂಬೋ ಹಾಗಿಲ್ಲ.

ಇಂಜಿನಿಯರಿಂಗ್ ಓದೋರಿಗೆ ಇದೆಲ್ಲ ಯಾಕೆ ಅಂತೀರಾ? ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು ಹದಿನೆಂಟು ಹತ್ತೊಂಬತ್ತರಿಂದ ಮೂವತ್ತರ ಒಳಗೆ. ಅಂದರೆ ನಮ್ಮ ವಯಸ್ಸಿನಲ್ಲಿ, ನಮ್ಮ ಬೆಂಚಿನಲ್ಲಿ. ನಮಗೆ ಗೊತ್ತಿರೋ ಒಬ್ಬ ಅಣ್ಣ ಇದ್ದಾರೆ, ಬೇರೆ ಕಾಲೇಜಿನವರು. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತವು. ಮನೆಯವರು ದೇವರಿಗೆ ಹರಕೆ ತೀರಿಸಿ ಬಂದರು. ಆದರೆ ಕ್ಲಾಸಿನಲ್ಲಿ ಕೂತರೆ ಬೋರ್ಡ್ ಮೇಲಿನ ಎರಡನೇ ಸ್ಟೆಪ್ ಬರೆಯೋ ಹೊತ್ತಿಗೆ ಮೊದಲನೇ ಸ್ಟೆಪ್ ಮರೆತಿರುತ್ತಿತ್ತು. ಒಂದು ವರ್ಷ ಹೋಯಿತು, ಆಮೇಲೆ ಅಟೆಂಡೆನ್ಸ್ ಕೂಡ ಹೋಯಿತು. "ಹುಷಾರಾಗಿದ್ದಾನಲ್ಲ, ಇನ್ನು ಬರೀ ಸೋಮಾರಿತನ" ಅಂತ ನೆಂಟರು ಹೇಳಿದರು, ಲೆಕ್ಚರರ್‌ಗಳೂ ಹೆಚ್ಚೂಕಡಿಮೆ ಅದನ್ನೇ ಹೇಳಿದರು. ಆ ಒಂದು ಪದ, ಸೋಮಾರಿ, ಎಷ್ಟು ಜನರ ಓದನ್ನು ನಿಲ್ಲಿಸಿದೆಯೋ!

ಮೂರನೇ ತೊಂದರೆ

ಈ ಕಾಯಿಲೆಯಲ್ಲಿ ಮೂರು ಥರದ ತೊಂದರೆ ಇರುತ್ತೆ. ಇಲ್ಲದ್ದು ಕೇಳಿಸೋದು, ಇಲ್ಲದ ಅನುಮಾನ ಬರೋದು ಒಂದು. ಉತ್ಸಾಹ, ಮಾತು, ಒಡನಾಟ ಕಡಿಮೆ ಆಗೋದು ಎರಡು. ಅರಿವಿನ ಶಕ್ತಿ ಕುಗ್ಗೋದು ಮೂರು. ಮೂರನೆಯದು ಹೊಸದಾಗಿ ಕಂಡುಹಿಡಿದದ್ದಲ್ಲ. ಜರ್ಮನಿಯ ಕ್ರೆಪೆಲಿನ್ ಈ ಕಾಯಿಲೆಗೆ ಕೊಟ್ಟ ಹಳೇ ಹೆಸರೇ ಡಿಮೆನ್ಶಿಯಾ ಪ್ರೀಕಾಕ್ಸ್, ಅಂದರೆ ಚಿಕ್ಕ ವಯಸ್ಸಿಗೇ ಬರೋ ಬುದ್ಧಿಯ ಕುಸಿತ. 1908ರಲ್ಲಿ ಬ್ಲಾಯ್ಲರ್ ಸ್ಕಿಜೋಫ್ರೇನಿಯಾ ಅಂತ ಹೆಸರು ಬದಲಿಸಿದರು. 1952ರಲ್ಲಿ ಕ್ಲೋರ್‌ಪ್ರೋಮಝಿನ್ ಮಾತ್ರೆ ಬಂದ ಮೇಲೆ ಎಲ್ಲರ ಗಮನ ಮೊದಲನೇ ತೊಂದರೆಯ ಕಡೆಗೇ ಹೋಯಿತು, ಯಾಕಂದರೆ ಮಾತ್ರೆ ಕೆಲಸ ಮಾಡಿದ್ದು ಅಲ್ಲಿ. ಡೋಪಮಿನ್ ಅನ್ನೋ ರಾಸಾಯನಿಕ ಕೂರುವ ಜಾಗವನ್ನು ತಡೆದರೆ ಧ್ವನಿಗಳು ತಗ್ಗುತ್ತವೆ. ಅರಿವಿನ ಶಕ್ತಿ ಮಾತ್ರ ಅಷ್ಟಾಗಿ ಮೇಲೇಳೋದಿಲ್ಲ.

ಎಷ್ಟು ಕುಗ್ಗುತ್ತೆ? 1998ರಲ್ಲಿ 204 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೇರೆ ಬೇರೆ ಟೆಸ್ಟುಗಳಲ್ಲಿ ಸರಾಸರಿ ಅರ್ಧದಿಂದ ಸುಮಾರು ಒಂದೂವರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ವರೆಗೆ ಇಳಿಕೆ ಕಂಡಿತು. ಎಂ-3, ಎಂ-4 ಓದಿದವರಿಗೆ ಇದು ಗೊತ್ತು: ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಇಳಿದರೆ 100 ಜನರ ಕ್ಲಾಸಿನಲ್ಲಿ 50ನೇ ರ‍್ಯಾಂಕಿನಲ್ಲಿದ್ದವರು 84ನೇ ರ‍್ಯಾಂಕಿಗೆ ಹೋಗ್ತಾರೆ. ಇದು ಸರಾಸರಿ ಲೆಕ್ಕ. ಇಳಿಕೆಯೇ ಕಾಣದವರೂ ಇರುತ್ತಾರೆ, ಇದಕ್ಕಿಂತ ಹೆಚ್ಚು ಇಳಿದವರೂ ಇರುತ್ತಾರೆ.

ಸೋತ ಮಾತ್ರೆಗಳು

ಅಮೆರಿಕದಲ್ಲಿ ಮ್ಯಾಟ್ರಿಕ್ಸ್ ಅನ್ನೋ ಯೋಜನೆ ಮಾಡಿ, ಹತ್ತು ಟೆಸ್ಟುಗಳನ್ನು ಸೇರಿಸಿ ಒಂದು ಸೆಟ್ ತಯಾರಿಸಿದರು. ಅದರ ಹೆಸರು ಎಂಸಿಸಿಬಿ. ಹೊಸ ಮಾತ್ರೆ ತಂದವರು ಇದರಲ್ಲಿ ಅಂಕ ಏರಿಸಿ ತೋರಿಸಬೇಕು, ಜೊತೆಗೆ ದಿನನಿತ್ಯದ ಬದುಕಿನಲ್ಲೂ ಸುಧಾರಣೆ ತೋರಿಸಬೇಕು ಅನ್ನೋದು ನಿಯಮ. ನಿಯಮ ಚೆನ್ನಾಗಿದೆ, ಗೆದ್ದವರು ಮಾತ್ರ ಇಲ್ಲ. ಎನ್ಸೆನಿಕ್ಲಿನ್ ಅನ್ನೋ ಮಾತ್ರೆ 2016ರಲ್ಲಿ ಮೂರನೇ ಹಂತದಲ್ಲಿ ಸೋತಿತು.

ಇತ್ತೀಚಿನ ದೊಡ್ಡ ಸೋಲು ಐಕ್ಲೆಪರ್ಟಿನ್‌ದು. ಇದರ ಹಿಂದಿನ ಐಡಿಯಾ ಕೇಳೋಕೆ ತುಂಬಾ ಚೆನ್ನಾಗಿದೆ. ಮೆದುಳಿನಲ್ಲಿ ಎನ್‌ಎಂಡಿಎ ಅನ್ನೋ ಗೇಟ್ ಇದೆ, ಕಲಿಕೆಗೂ ನೆನಪಿಗೂ ಅದು ಬೇಕು. ಅದು ತೆರೆಯಬೇಕಾದರೆ ಗ್ಲುಟಮೇಟ್ ಜೊತೆ ಗ್ಲೈಸಿನ್ ಕೂಡ ಇರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರಡೂ ಇನ್‌ಪುಟ್ ಹೈ ಇದ್ದರೆ ಮಾತ್ರ ಔಟ್‌ಪುಟ್ ಕೊಡೋ ಆ್ಯಂಡ್ ಗೇಟ್. ಗ್ಲೈಸಿನ್ ಅನ್ನು ಬೇಗ ಹೀರಿಕೊಳ್ಳೋ ಪಂಪನ್ನು ತಡೆದರೆ ಗ್ಲೈಸಿನ್ ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತೆ, ಗೇಟ್ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಲೆಕ್ಕ. ಎರಡನೇ ಹಂತದಲ್ಲಿ 509 ಜನರ ಮೇಲೆ 12 ವಾರ ನೋಡಿದಾಗ ಅರಿವಿನ ಅಂಕ ಏರಿತ್ತು. 2021ರಲ್ಲಿ ಆ ಫಲಿತಾಂಶ ಪ್ರಕಟ ಆದಾಗ ಎಲ್ಲರಿಗೂ ಆಸೆ ಹುಟ್ಟಿತು. ಮೂರನೇ ಹಂತದಲ್ಲಿ 41 ದೇಶಗಳ 1,840 ಜನರ ಮೇಲೆ ಆರು ತಿಂಗಳು ಪರೀಕ್ಷಿಸಿದರು. 2025ರ ಜನವರಿಯಲ್ಲಿ ಕಂಪನಿಯೇ ಹೇಳಿತು: ಅಂಕದಲ್ಲೂ ಇಲ್ಲ, ದಿನನಿತ್ಯದ ಕೆಲಸದಲ್ಲೂ ಇಲ್ಲ, ಪ್ಲಾಸಿಬೋಗಿಂತ ವ್ಯತ್ಯಾಸವೇ ಕಾಣಲಿಲ್ಲ. ಪ್ಲಾಸಿಬೋ ಅಂದರೆ ಔಷಧಿ ಇಲ್ಲದ, ನೋಡೋಕೆ ಅದೇ ಥರ ಇರೋ ಮಾತ್ರೆ.

ಒಂದು ವಿಷಯ ಸ್ಪಷ್ಟ ಮಾಡಬೇಕು. ಆ ಮಾತ್ರೆ ಸೋತದ್ದು ಭಾಷೆಯಿಂದ ಅಂತ ನಾವು ಹೇಳ್ತಿಲ್ಲ. ಚಿಕ್ಕ ಗುಂಪಿನಲ್ಲಿ ಕಂಡ ಲಾಭ ದೊಡ್ಡ ಗುಂಪಿನಲ್ಲಿ ಮಾಯ ಆಗೋದು ಔಷಧಿ ಲೋಕದಲ್ಲಿ ಮಾಮೂಲು. ನಾವು ಹೇಳ್ತಿರೋದು ಮುಂದಿನ ಮಾತ್ರೆಯ ಬಗ್ಗೆ. ಅದು ಬೆಂಗಳೂರಿಗೆ ಪರೀಕ್ಷೆಗೆ ಬಂದಾಗ ನಮ್ಮ ಕೈಯಲ್ಲಿ ಎಂಥ ಅಳತೆಗೋಲು ಇರುತ್ತೆ?

ಅದೇ ಕ್ವೆಶ್ಚನ್ ಪೇಪರ್ ಎರಡು ಸಲ ಬಂದರೆ

ಮೊದಲು ಅಳತೆಯ ಒಂದು ಮೋಸ ತಿಳ್ಕೊಳ್ಳೋಣ. ಮೊದಲನೇ ಇಂಟರ್ನಲ್ಸಿನ ಪೇಪರೇ ಎರಡನೇ ಇಂಟರ್ನಲ್ಸಿಗೂ ಬಂದರೆ ನಮ್ಮೆಲ್ಲರ ಮಾರ್ಕ್ಸ್ ಏರುತ್ತೆ. ಬುದ್ಧಿ ಏರಿದೆ ಅಂತ ಯಾರಾದರೂ ಹೇಳ್ತಾರಾ? ಹಿಂದೆ ರಿಸ್ಪೆರಿಡೋನ್, ಒಲಾಂಝಪಿನ್ ಥರದ ಹೊಸ ತಲೆಮಾರಿನ ಮಾತ್ರೆಗಳು ಬಂದಾಗ ಅರಿವಿನ ಶಕ್ತಿಯೂ ಸುಧಾರಿಸುತ್ತೆ ಅಂತ ದೊಡ್ಡ ಪ್ರಚಾರ ಆಯಿತು. 2007ರಲ್ಲಿ ಅಮೆರಿಕದ ಒಂದು ತಂಡ, ಕಾಯಿಲೆ ಇಲ್ಲದವರಿಗೂ ಅದೇ ಟೆಸ್ಟುಗಳನ್ನು ಅದೇ ಅಂತರದಲ್ಲಿ ಮತ್ತೆ ಮತ್ತೆ ಕೊಟ್ಟು ನೋಡಿತು. ಮಾತ್ರೆಯನ್ನೇ ತಗೊಳ್ಳದ ಅವರ ಅಂಕವೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು! ಬಹುಪಾಲು ಸುಧಾರಣೆ ಬರೀ ಪ್ರಾಕ್ಟೀಸಿನ ಫಲ. ಹಾಗಾಗಿ ಪ್ಲಾಸಿಬೋ ಗುಂಪು ಇಲ್ಲದೆ "ನಮ್ಮ ಮಾತ್ರೆಯಿಂದ ನೆನಪು ಹೆಚ್ಚಾಯಿತು" ಅಂತ ಯಾರು ಹೇಳಿದರೂ, ಅದು ದೊಡ್ಡ ಕಂಪನಿ ಆಗಲಿ, ಟಿವಿ ಜಾಹೀರಾತಿನ ಲೇಹ್ಯ ಆಗಲಿ, ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಮಾತ್ರೆ ತಗೊಳ್ಳದವರದ್ದು ಎಷ್ಟು ಹೆಚ್ಚಾಯಿತು?

ಕ, ಪ, ಮ

ಈಗ ಕನ್ನಡಕ್ಕೆ ಬರೋಣ. ಅರಿವಿನ ಟೆಸ್ಟುಗಳಲ್ಲಿ ಒಂದು ಹೀಗಿದೆ: ಕೊಟ್ಟ ಅಕ್ಷರದಿಂದ ಶುರುವಾಗೋ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಹೇಳಬೇಕು. ಜನರ ಹೆಸರು, ಊರಿನ ಹೆಸರು ಹೇಳೋ ಹಾಗಿಲ್ಲ. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಅಕ್ಷರ ಕೊಡ್ತಾರೆ. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಅವರ ತಂಡ 2004ರಲ್ಲಿ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಅನ್ನೋ ಟೆಸ್ಟುಗಳ ಸೆಟ್ ಹೊರತಂದರು. ಅದರಲ್ಲಿ ಇಂಗ್ಲಿಷ್ ಬಾರದವರಿಗೆ ಕ, ಪ, ಮ ಕೊಡ್ತಾರೆ. ಓದು ಬರಹ ಬಾರದವರಿಗೆ ಅಕ್ಷರದ ಬದಲು ಪ್ರಾಣಿಗಳ ಹೆಸರು ಹೇಳೋಕೆ ಹೇಳ್ತಾರೆ. ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಗೆರೆ ಎಳೆದು ಜೋಡಿಸೋ ಟೆಸ್ಟಿನ ಬದಲು ಬಣ್ಣದ ವೃತ್ತಗಳನ್ನು ಜೋಡಿಸೋ ಟೆಸ್ಟ್ ಇಟ್ಟಿದ್ದಾರೆ. ಫಲಿತಾಂಶವನ್ನು ಹೋಲಿಸೋದೂ ವಯಸ್ಸು, ಲಿಂಗ, ಓದು ನೋಡಿಕೊಂಡೇ. ಶಾಲೆಗೆ ಹೋಗದ ಅಜ್ಜಿಯನ್ನು ಬಿಇ ಮಾಡಿದವರ ಜೊತೆ ಹೋಲಿಸೋ ಅನ್ಯಾಯ ಅಲ್ಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ನಮ್ಮೂರಲ್ಲೇ ಆದ ಕೆಲಸ ಇದು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ನಮ್ಮ ಕನ್ನಡ ಸಂಘದ ಮೀಟಿಂಗಿನಲ್ಲಿ ಸುಮ್ಮನೆ ಆಟಕ್ಕೆ ಇದನ್ನು ಆಡಿ ನೋಡಿದೆವು. ಪ ಕೊಟ್ಟರೆ ಪಾಠ, ಪುಸ್ತಕ, ಪಾತ್ರೆ, ಪಲ್ಯ ಆಗುತ್ತಿದ್ದ ಹಾಗೇ ಪೆನ್, ಪೇಪರ್, ಪಿಜ್ಜಾ, ಪವರ್ ಬ್ಯಾಂಕ್ ಶುರು. ಪೆನ್ನು ಕನ್ನಡವಾ ಇಂಗ್ಲಿಷಾ ಅಂತ ಜಗಳ ಆಯಿತು. ನಗು ಬಂತು, ನಿಜ. ಆದರೆ ಯೋಚಿಸಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ, ಮನೆಯಲ್ಲಿ ಕನ್ನಡ ಮಾತಾಡೋ, ಫ್ರೆಂಡ್ಸ್ ಜೊತೆ ಎರಡನ್ನೂ ಕಲಸಿ ಮಾತಾಡೋ ನಮ್ಮಂಥವರಿಗೆ ಕಾಯಿಲೆ ಬಂದು ಈ ಟೆಸ್ಟ್ ಕೊಟ್ಟರೆ ಯಾವ ಭಾಷೇಲಿ ಕೊಡಬೇಕು? ಕನ್ನಡದಲ್ಲಿ ಕೊಟ್ಟರೆ ಪದ ಸಾಲದು, ಇಂಗ್ಲಿಷಿನಲ್ಲಿ ಕೊಟ್ಟರೆ ಹೋಲಿಸೋಕೆ ಸರಿಯಾದ ಗುಂಪು ಸಿಗದು. 2004ರ ಬೆಂಗಳೂರು ಬೇರೆ, ಇವತ್ತಿನ ಹೆಬ್ಬಾಳ, ಆರ್‌.ಟಿ. ನಗರ, ಯಶವಂತಪುರ ಬೇರೆ. ಇಲ್ಲಿ ಮನೆಯಲ್ಲಿ ಉರ್ದು, ತೆಲುಗು, ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಕನ್ನಡ.

ಇನ್ನೊಂದು ಟೆಸ್ಟ್ ನೋಡಿ. ಅಂಕಿಗಳನ್ನು ಒಂದೊಂದಾಗಿ ಹೇಳ್ತಾರೆ, ಕೇಳಿದ ಕ್ರಮದಲ್ಲೇ ನಾವು ತಿರುಗಿ ಹೇಳಬೇಕು. ಅಂಕಿಗೆ ಭಾಷೆ ಏನು ಅಂತ ಅನ್ನಿಸಬಹುದು. ಎಣಿಸಿ ನೋಡಿ. ವನ್‌ನಿಂದ ನೈನ್‌ವರೆಗೆ ಇಂಗ್ಲಿಷಿನಲ್ಲಿ ಒಟ್ಟು 10 ಸಿಲಬಲ್, ಯಾಕಂದರೆ ಸೆವೆನ್ ಒಂದಕ್ಕೆ ಮಾತ್ರ ಎರಡು. ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ 20. ಸರಿಯಾಗಿ ಡಬಲ್! ಬಾಯಲ್ಲಿ ಹೇಳೋಕೆ ಹೆಚ್ಚು ಹೊತ್ತು ಹಿಡಿಯೋ ಪದಗಳು ಮನಸ್ಸಿನಲ್ಲಿ ಕಡಿಮೆ ಉಳಿಯುತ್ತವೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 1980ರಲ್ಲಿ ಇದನ್ನು ತೋರಿಸಿದ್ದಾರೆ. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರು ವೆಲ್ಷ್ ಅಂಕಿಗಳಲ್ಲಿ ಕಡಿಮೆ ಸ್ಕೋರ್ ಮಾಡಿದರು, ಯಾಕಂದರೆ ವೆಲ್ಷ್ ಅಂಕಿ ಹೇಳೋಕೆ ಜಾಸ್ತಿ ಹೊತ್ತು ಬೇಕು. ನಮ್ಮಲ್ಲಿ ಇನ್ನೂ ಮಜಾ. ಇಂಗ್ಲಿಷ್ ಬರೋಲ್ಲ ಅನ್ನೋ ತರಕಾರಿ ಅಂಗಡಿಯ ಆಂಟಿಯೂ ಫೋನ್ ನಂಬರ್ ಹೇಳೋದು ನೈನ್, ಏಯ್ಟ್, ಫೋರ್ ಅಂತಲೇ, ಅದೇ ಆಂಟಿ ದುಡ್ಡು ಎಣಿಸೋದು ಕನ್ನಡದಲ್ಲಿ.

ಇಲ್ಲಿ ನಮ್ಮ ಕ್ಲಾಸಿನವರೇ ಒಂದು ಆಕ್ಷೇಪ ಎತ್ತಿದರು. ಮಾತ್ರೆ ಗುಂಪಿಗೂ ಪ್ಲಾಸಿಬೋ ಗುಂಪಿಗೂ ಒಂದೇ ಟೆಸ್ಟ್ ತಾನೇ, ತಪ್ಪು ಎರಡೂ ಕಡೆ ಕ್ಯಾನ್ಸಲ್ ಆಗಲ್ವಾ? ಒಳ್ಳೇ ಪ್ರಶ್ನೆ. ಮಲ್ಟಿಮೀಟರಿನ ಝೀರೋ ಎರರ್ ಥರದ ತಪ್ಪು ಕ್ಯಾನ್ಸಲ್ ಆಗುತ್ತೆ. ಆದರೆ ಎರಡು ತಪ್ಪು ಆಗೋದಿಲ್ಲ. ಒಂದು, ನಾಯ್ಸ್. ಒಬ್ಬರಿಗೆ ಇಂಗ್ಲಿಷ್ ಸುಲಭ, ಇನ್ನೊಬ್ಬರಿಗೆ ಕಷ್ಟ ಆದರೆ ಅಂಕಗಳು ಕಾಯಿಲೆಗಿಂತ ಹೆಚ್ಚಾಗಿ ಭಾಷೆಯಿಂದ ಏರಿಳಿಯುತ್ತವೆ, ಮಾತ್ರೆಯ ಚಿಕ್ಕ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತೆ. ಎರಡು, ರೇಂಜ್. ಮಿಲಿವೋಲ್ಟ್ ಅಳೆಯೋಕೆ ಮೀಟರನ್ನು 200 ವೋಲ್ಟ್ ರೇಂಜಿನಲ್ಲಿಟ್ಟರೆ ಏನಿದ್ದರೂ ಸೊನ್ನೆ ತೋರಿಸುತ್ತೆ. ಅರ್ಥವೇ ಆಗದ ಟೆಸ್ಟಿನಲ್ಲಿ ಎಲ್ಲರಿಗೂ ಸೊನ್ನೆ ಬಂದರೆ ಮಾತ್ರೆ ಕೆಲಸ ಮಾಡಿದ್ದರೂ ಕಾಣಿಸೋಲ್ಲ.

ಚೆಕ್ ಬರೆಯೋಕೆ ಬರುತ್ತಾ?

ಅಂಕ ಏರಿದರೆ ಸಾಲದು, ಬದುಕಿನಲ್ಲಿ ಕಾಣಬೇಕು ಅಂದೆವಲ್ಲ. ಅದಕ್ಕೂ ಟೆಸ್ಟುಗಳಿವೆ. ಅಮೆರಿಕದ ಒಂದು ಪ್ರಸಿದ್ಧ ಟೆಸ್ಟಿನಲ್ಲಿ ಬಿಲ್ ಕಟ್ಟೋಕೆ ಚೆಕ್ ಬರೆಯಬೇಕು. ಇನ್ನೊಂದರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಅಡುಗೆಮನೆ ನೋಡಿ, ಬಸ್ ಹತ್ತಿ, ಸೂಪರ್ ಮಾರ್ಕೆಟ್ಟಿಗೆ ಹೋಗಿ ಸಾಮಾನು ತರಬೇಕು. ನಮ್ಮ ಬ್ಯಾಚಿನಲ್ಲಿ ಚೆಕ್ ಬರೆದವರು ಎಷ್ಟು ಜನ ಇದ್ದಾರೋ ಕೈ ಎತ್ತಿ! ನಮ್ಮಲ್ಲಿ ಬದುಕಿನ ಪರೀಕ್ಷೆ ಬೇರೆ. ಯಲಹಂಕ ಹಳೇ ಬಸ್ ಸ್ಟ್ಯಾಂಡಿನಲ್ಲಿ ಸರಿಯಾದ ಬಿಎಂಟಿಸಿ ಬೋರ್ಡ್ ಓದಿ ಹತ್ತೋದು, ರೇಷನ್ ಅಂಗಡಿಯ ಕ್ಯೂನಲ್ಲಿ ಯಾವ ದಿನ ಏನು ಕೊಡ್ತಾರೆ ಅಂತ ನೆನಪಿಡೋದು, ಯುಪಿಐ ಪಿನ್ ಮರೆಯದೆ ಸರಿಯಾದವರಿಗೆ ದುಡ್ಡು ಕಳಿಸೋದು, ತಂಗಿಯ ಮದುವೆ ಮನೆಯಲ್ಲಿ ಬಡಿಸೋಕೆ ನಿಂತಾಗ ಯಾವ ಸಾಲಿಗೆ ಸಾರು ಆಯ್ತು ಅಂತ ಗಮನ ಇಡೋದು. ಇದರಲ್ಲಿ ಸುಧಾರಣೆ ಕಂಡರೆ ಮನೆಯವರು ಯಾವ ಪಿ-ವ್ಯಾಲ್ಯೂ ಇಲ್ಲದೆಯೂ ನಂಬುತ್ತಾರೆ. ಇಂಥ ಕೆಲಸಗಳನ್ನೇ ಇಟ್ಟುಕೊಂಡು ಅಳತೆ ಮಾಡಬೇಕು.

ಹೊಸ ಮಾತ್ರೆಗೆ ಕಾಯೋ ಮೊದಲು

ಅರಿವಿನ ಶಕ್ತಿಯನ್ನು ಹೆಚ್ಚಿಸೋಕೆ ಹುಡುಕುತ್ತಿರುವಾಗ, ಅದನ್ನು ಕಡಿಮೆ ಮಾಡುವ ಮಾತ್ರೆಯನ್ನೂ ನೋಡಬೇಕಲ್ವಾ? ಕೆಲವು ಔಷಧಿಗಳಿಂದ ಕೈ ನಡುಕ, ಮೈ ಬಿಗಿತ ಬರುತ್ತೆ. ಅದಕ್ಕೆ ಜೊತೆಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಕೊಡೋದು ನಮ್ಮ ದೇಶದಲ್ಲಿ ಸಾಮಾನ್ಯ. ನಡುಕ ನಿಲ್ಲುತ್ತೆ, ಆದರೆ ಅದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನು ತಡೆಯುತ್ತೆ, ನೆನಪಿಗೆ ಅದೇ ಬೇಕಾದದ್ದು. ಇಂಥ ಔಷಧಿಗಳ ಭಾರ ಹೆಚ್ಚಿದ್ದವರ ಅರಿವಿನ ಅಂಕ ಕಡಿಮೆ ಇತ್ತು ಅಂತ 2021ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಹಾಗಂತ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. "ಡಾಕ್ಟ್ರೇ, ಈ ಮಾತ್ರೆ ಇನ್ನೂ ಬೇಕಾ, ಕಡಿಮೆ ಮಾಡಬಹುದಾ" ಅಂತ ಕೇಳಿ, ಅಷ್ಟೇ. ಮುಖ್ಯ ಔಷಧಿ ಬೇಕೇ ಬೇಕು. ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಪಡೆಯದವರಿಗಿಂತ ಚೆನ್ನಾಗಿತ್ತು.

ಮಾತ್ರೆ ಇಲ್ಲದ ದಾರಿಯೂ ನಿಮ್ಹಾನ್ಸಿನಿಂದಲೇ ಬಂದಿದೆ. ಗಮನ ತರಬೇತಿಗೆ ಅಲ್ಲಿ ಬಳಸಿದ ಒಂದು ಅಭ್ಯಾಸ ಏನು ಗೊತ್ತಾ? ಕಲಸಿಟ್ಟ ಕಾಳುಗಳನ್ನು ಬೇರೆ ಬೇರೆ ಮಾಡೋದು. ಕಾಯಿಲೆ ಹೊಸದಾಗಿ ಶುರುವಾದವರಿಗೆ ಮನೆಯಲ್ಲೇ ಎರಡು ತಿಂಗಳು ಅರಿವಿನ ತರಬೇತಿ ಕೊಟ್ಟು, 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಸಾಮರ್ಥ್ಯಗಳು ಸುಧಾರಿಸಿದ್ದವು. ಕಂಪನಿಗೆ ಇದರಲ್ಲಿ ಲಾಭ ಇಲ್ಲ, ಹಾಗಾಗಿ 41 ದೇಶದಲ್ಲಿ ಇದನ್ನು ಪರೀಕ್ಷಿಸೋಕೆ ಯಾರೂ ದುಡ್ಡು ಹಾಕೋಲ್ಲ. ಸರ್ಕಾರ ಹಾಕಬೇಕು.

ಒಪ್ಪಿಗೆಯೂ ಕನ್ನಡದಲ್ಲಿ

ನೆನಪು, ಗಮನ ಕಡಿಮೆ ಇರುವವರಿಗೆ ಹತ್ತಾರು ಪುಟದ ಒಪ್ಪಿಗೆ ಪತ್ರ ಕೊಟ್ಟು ಸೈನ್ ಹಾಕಿ ಅಂದರೆ ಅದು ಒಪ್ಪಿಗೆಯಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತೆ: ಸಂಶೋಧನೆಗೆ ಸೇರಿಸಿಕೊಳ್ಳೋ ಮೊದಲು ವ್ಯಕ್ತಿಯ ಸ್ವತಂತ್ರ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ತಿಳಿಯೋದು ಅಂದರೆ ತಿಳಿಯೋ ಭಾಷೆಯಲ್ಲಿ. "ಯಾದೃಚ್ಛಿಕ ನಿಯೋಜನೆ" ಅಂತ ಅನುವಾದ ಮಾಡಿದರೆ ಅದು ಕನ್ನಡ ಅಕ್ಷರ ಮಾತ್ರ. "ನಿಮಗೆ ಯಾವ ಮಾತ್ರೆ ಅಂತ ಟಾಸ್ ಹಾಕಿದ ಹಾಗೆ ನಿರ್ಧಾರ ಆಗುತ್ತೆ, ನಿಮಗೂ ಡಾಕ್ಟ್ರಿಗೂ ಗೊತ್ತಿರಲ್ಲ" ಅಂದರೆ ಕನ್ನಡ. ಇದು ಆಗದ ಕೆಲಸ ಅಲ್ಲ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಮನಸ್ಸಿನ ಕಾಯಿಲೆಗಳನ್ನು ತಿಳಿಗನ್ನಡದಲ್ಲಿ ಬರೆದು ತೋರಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಬಳ್ಳಾರಿ ರಸ್ತೆಯ ಪಕ್ಕದಲ್ಲೇ

ಕೊನೆಗೆ ನಮ್ಮ ಏರಿಯಾದ ಮಾತು. ಹೆಬ್ಬಾಳದ ಜಾಮ್ ದಾಟಿ ಯಲಹಂಕದ ಕಡೆ ಬರೋವಾಗ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಎನ್‌ಸಿಬಿಎಸ್ ಇದೆ. ಕಾಲೇಜ್ ಬಸ್ಸಿನಲ್ಲಿ ನಿದ್ದೆ ಮಾಡ್ತಾ ನಾವೆಲ್ಲ ದಾಟಿ ಹೋಗೋ ಜಾಗ. ಅಲ್ಲಿಯ ವಿಜ್ಞಾನಿಗಳು ನಿಮ್ಹಾನ್ಸ್ ಜೊತೆ ಸೇರಿ, ಒಬ್ಬರಿಗಿಂತ ಹೆಚ್ಚು ಜನಕ್ಕೆ ಮನಸ್ಸಿನ ಕಾಯಿಲೆ ಇರುವ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸ್ತಿದ್ದಾರೆ, ಅವರ ರಕ್ತದ ಕೋಶಗಳಿಂದ ಸ್ಟೆಮ್ ಸೆಲ್ ಮಾಡಿ ಅಧ್ಯಯನ ಮಾಡ್ತಿದ್ದಾರೆ. ಸ್ಕಿಜೋಫ್ರೇನಿಯಾ ಅದರಲ್ಲೊಂದು. 2023ರಲ್ಲಿ ಇದಕ್ಕೆ ರೋಹಿಣಿ ನಿಲೇಕಣಿಯವರ 100 ಕೋಟಿ ರೂಪಾಯಿ ನೆರವೂ ಸಿಕ್ಕಿತು. ಅಂದರೆ ನಾಳೆ ಹೊಸ ಮಾತ್ರೆಯ ಸುಳಿವು ನಮ್ಮ ಬಸ್ ರೂಟಿನಿಂದಲೇ ಬರಬಹುದು. ಕೋಶವನ್ನು ಅಳೆಯೋ ಯಂತ್ರ ಕೋಟಿ ಕೊಟ್ಟರೆ ಹೊರಗಿನಿಂದ ಬರುತ್ತೆ. ಕನ್ನಡ ಮಾತಾಡೋ ಮನಸ್ಸನ್ನು ಅಳೆಯೋ ಸಾಧನ ಎಲ್ಲಿಂದಲೂ ಬರೋಲ್ಲ, ಇಲ್ಲೇ ಆಗಬೇಕು.

ಅದರಲ್ಲಿ ನಮ್ಮ ಪಾಲಿದೆ. ಸಿಎಸ್ ಮತ್ತು ಇಸಿಯವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು, ಮನೋವೈದ್ಯರ ಮಾರ್ಗದರ್ಶನದಲ್ಲಿ ಕಲಬೆರಕೆ ಕನ್ನಡವನ್ನೂ ಗುರುತಿಸಿ ಪದ ಎಣಿಸೋ ಸಾಧನ ಮಾಡಬಹುದು. ಬಿಎಂಟಿಸಿ ಬಸ್ ಹತ್ತಿಸೋ, ಯುಪಿಐ ಕಟ್ಟಿಸೋ ಪರದೆಯ ಮೇಲಿನ ಟೆಸ್ಟ್ ಕಟ್ಟಬಹುದು. ಹೋಲಿಕೆಯ ಗುಂಪಿಗೆ ಕಾಯಿಲೆ ಇಲ್ಲದ ಹತ್ತೊಂಬತ್ತು ವರ್ಷದವರು ಬೇಕಾದರೆ ನಾವೇ ಹೋಗಿ ಕೂರಬಹುದು. ಏನೂ ಮಾಡೋಕಾಗದವರು ಒಂದು ಕೆಲಸ ಮಾಡಿ: ಮಾತ್ರೆ ತಗೊಂಡು ಕ್ಲಾಸಿಗೆ ಬಂದು, ಎರಡನೇ ಸ್ಟೆಪ್ಪಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಸೋಮಾರಿ ಅನ್ನಬೇಡಿ. ನಿಮ್ಮ ನೋಟ್ಸ್ ಕೊಡಿ, ಮೊದಲನೇ ಸ್ಟೆಪ್ಪನ್ನು ಇನ್ನೊಂದು ಸಲ ಹೇಳಿಕೊಡಿ.